ದೊಡ್ಡ ಇಗರ್ಜಿಯಲ್ಲಿ ಉಳಿದ ಅರ್ಧ ಹಾಡು

ಈ ಸಭೆಯ ಅಧ್ಯಕ್ಷ ಪೀಠದಲ್ಲಿರುವ, ನನಗೆ ಒಂದನೆಯ ಇಯತ್ತೆಯಲ್ಲಿ ಅಕ್ಷರ ತಿದ್ದಿಸಿ ಇಂದಿಗೂ ಅದೇ ಸಂಶಯದ ಕಣ್ಣಿನಿಂದ ನನ್ನ ಕಡೆ ನೋಡುತ್ತಿರುವ ಪೂಜ್ಯ ಈಶಪ್ಪ ಮಾಸ್ತರರೇ, ಇಂದಿನ ಸತ್ಕಾರಮೂರ್ತಿಗಳೂ ನಾಳೆ ಬೆಳಗಿನ ಸರ್ವಿಸ್ ಮೋಟಾರಿಗೆ ನಮ್ಮ ಹಳಿಯಾಳವನ್ನು ಬಿಟ್ಟು ಗೋವೆಯ ತಮ್ಮ ಹುಟ್ಟೂರಿಗೆ ಹೊರಡುವವರೂ ಆದ ಪಾದ್ರಿ ಕಾಯ್ತಾನ್ ಸಾಹೇಬರೇ, ಬಲಗಡೆಯ ಉದ್ದನೆಯ ಮರದ ಬಾಕುಗಳಲ್ಲಿ ಕುಳಿತ ಕ್ರೈಸ್ತ ಬಾಂಧವರೇ, ಎಡಗಡೆಯ ಜಮಖಾನೆಯ ಮೇಲೆ ಕುಳಿತ ನಮ್ಮ ಪೇಟೆಯ ಹಿರಿಯರೇ, ದಾಂಡೇಲಿಯ ಕಟ್ಟಿಗೆ ಡಿಪೋದಿಂದಲೂ ಮುಂಡಗೋಡದ ಹಳ್ಳಿಗಳಿಂದಲೂ ಗಾಡಿ ಕಟ್ಟಿಕೊಂಡು ಬಂದ ರಸಿಕರೇ, ಆ ಮೂರನೆಯ ಕಂಬದ ಆಚೆ ಕುಳಿತ ತಾಯಂದಿರೇ, ಮತ್ತು ಹೆಸರು ಬಿಟ್ಟರೆ ಮುನಿಸಿಕೊಳ್ಳದ ಉಳಿದೆಲ್ಲ ಸಭಿಕರೇ.

ಮೊದಲಿಗೆ ಒಂದು ಸೂಚನೆ. ಈ ಛಾವಣಿಯ ಕೆಳಗೆ ಚಪ್ಪಾಳೆ ಇಲ್ಲ, 'ಭಲೇ' ಇಲ್ಲ, 'ವಾಹವಾ' ಇಲ್ಲ. ಸಂಗೀತಕ್ಕೆ ಯಾವ ನಿಯಮವೋ ಭಾಷಣಕ್ಕೂ ಅದೇ ನಿಯಮ. ಧಾರವಾಡದ ಸಭೆಗಳಲ್ಲಿ ಭಾಷಣ ಉದ್ದವಾದರೆ ಜನ ನಡುವೆಯೇ ಜೋರಾಗಿ ಚಪ್ಪಾಳೆ ತಟ್ಟಿ ಭಾಷಣಕಾರನನ್ನು ಕೂರಿಸಿಬಿಡುತ್ತಾರೆಂದು ಕೇಳಿದ್ದೇನೆ. ನಿಮಗೆ ಆ ಅನುಕೂಲ ಇಲ್ಲ. ಆದ್ದರಿಂದ ನಾನು ನಿಶ್ಚಿಂತೆಯಿಂದ ಮಾತನಾಡುತ್ತೇನೆ.

ನಾನು ಯಾರೆಂಬುದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದವರು ಇಂದು ಮಧ್ಯಾಹ್ನ ಉಂಡ ಅನ್ನವನ್ನು ನೆನೆಯಲಿ, ಅದರ ಅಕ್ಕಿ ನನ್ನ ಅಂಗಡಿಯದೇ ಇರಬೇಕು. ಅಂದಾನೆಪ್ಪ, ಅಕ್ಕಿ ವ್ಯಾಪಾರಿ, ಮತ್ತು ಎಂಟು ವರ್ಷಗಳಿಂದ ಈ ಇಗರ್ಜಿಯ ಸಂಗೀತ ಸಮಿತಿಯ ಕಾರ್ಯದರ್ಶಿ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ಕ್ರೈಸ್ತರ ಇಗರ್ಜಿಗೆ ಕಾರ್ಯದರ್ಶಿ ಹೇಗಾದ ಎಂದು ಕೇಳುವವರು ಮೊದಲ ವರ್ಷ ಬಹಳ ಮಂದಿ ಇದ್ದರು. ಎರಡನೆಯ ವರ್ಷ ಅವರೇ ನನ್ನ ಅಂಗಡಿಗೆ ಬಂದು, ಮುಂದಿನ ಸಾಲಿನಲ್ಲಿ ಒಂದು ಜಾಗ ಹಿಡಿದಿಡಿ ಎಂದರು. ನಾನು ಹಿಡಿದಿಟ್ಟೆ. ನನ್ನ ಮನಸ್ಸು ದೊಡ್ಡದು.

ಹೊರಗಿನಿಂದ ಬಂದ ಕಲಾವಿದರು ಪ್ರತಿ ವರ್ಷ ನನ್ನನ್ನು ಒಂದು ಮಾತು ಕೇಳುತ್ತಾರೆ. ಇದಕ್ಕೆ ದೊಡ್ಡ ಇಗರ್ಜಿ ಎನ್ನುತ್ತೀರಲ್ಲ, ಸಣ್ಣ ಇಗರ್ಜಿ ಎಲ್ಲಿದೆ ಎಂದು. ಸಣ್ಣದು ಇಲ್ಲ. ಬಿಷಪ್ಪರ ಪೀಠವೂ ಇಲ್ಲಿಲ್ಲ. ಆದರೆ ಇಷ್ಟೆತ್ತರದ ಛಾವಣಿ ಈ ತಾಲೂಕಿನಲ್ಲಿ ಇನ್ನೊಂದಿಲ್ಲವಾದ್ದರಿಂದ ನಮ್ಮ ಜನ ಅದಕ್ಕೆ ದೊಡ್ಡದೆಂದರು, ಅದು ದೊಡ್ಡದಾಯಿತು. ಈ ಛಾವಣಿಯ ಕೆಳಗೆ ಒಂದು ಸ್ವರ ಹಾಕಿದರೆ ಅದು ಮೇಲಕ್ಕೆ ಹೋಗಿ, ಸ್ವಲ್ಪ ಹೊತ್ತು ಅಲ್ಲೇ ಇದ್ದು, ಆಮೇಲೆ ನಿಮ್ಮ ಕಿವಿಗೆ ಬರುತ್ತದೆ. ಅಂಥ ಜಾಗವನ್ನು ವಾರಕ್ಕೊಂದು ದಿನ ಪೂಜೆಗೆ ಮಾತ್ರ ತೆರೆದಿಡುವುದು ಸರಿಯೇ ಎಂದು ಎಂಟು ವರ್ಷಗಳ ಹಿಂದೆ, ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ, ಒಬ್ಬರಿಗೆ ಅನ್ನಿಸಿತು. ಆ ಒಬ್ಬರು ಈಗ ಹಾರ ಹಾಕಿಸಿಕೊಂಡು ಮುಜುಗರದಿಂದ ಅಲ್ಲಿ ಕುಳಿತಿದ್ದಾರೆ.

ಭತ್ತದ ಸುಗ್ಗಿ ಮುಗಿದು ಗಾಡಿ, ಎತ್ತು, ಆಳು ಎಲ್ಲ ಬಿಡುವಾದ ಮೇಲೆ, ಕ್ರೈಸ್ತರ ನಲವತ್ತು ದಿನದ ಉಪವಾಸ ಶುರುವಾಗುವ ಮುಂಚೆ, ನಡುವೆ ಸಿಗುವ ಆರು ಭಾನುವಾರ. ಇದೇ ನಮ್ಮ ಸಂಗೀತದ ಹಂಗಾಮು. ಸಂಜೆ ನಾಲ್ಕಕ್ಕೆ ಶುರು, ಐದೂವರೆಗೆ ಮುಕ್ತಾಯ, ಯಾಕೆಂದರೆ ಕಾಡಿನ ದಾರಿಯವರು ಬೆಳಕಿನಲ್ಲೇ ಊರು ಸೇರಬೇಕು. ಒಂದು ಭಾನುವಾರ ಇಗರ್ಜಿಯ ಮಕ್ಕಳ ಲ್ಯಾಟಿನ್ ಭಜನೆ, ಒಂದು ಭಾನುವಾರ ಧಾರವಾಡದ ಗವಾಯಿಗಳು, ಒಂದು ಭಾನುವಾರ ಮಠದ ವಚನ. ಯುದ್ಧದಲ್ಲಿ ಸೀಮೆಎಣ್ಣೆ ಹೋಯಿತು, ಪೆಟ್ರೋಲು ಹೋಯಿತು, ಸಕ್ಕರೆ ಹೋಯಿತು. ನಮ್ಮ ಹಂಗಾಮು ಒಂದೇ ಒಂದು ವರ್ಷ ನಿಂತಿತು. ಇದು ಎಂಟನೆಯದು. ಇದಕ್ಕೆ ನಾನು ಹೆಮ್ಮೆಪಟ್ಟರೆ ತಪ್ಪೇ? ತಪ್ಪಲ್ಲ ಎಂದು ನನ್ನ ಅಭಿಪ್ರಾಯ.

ಈಗ ಆ ಆರ್ಗನ್ನಿನ ಕಥೆ ಹೇಳಲೇಬೇಕು. ಅಲ್ಲಿ ನೋಡಿ, ಕಾಲಿನಿಂದ ಗಾಳಿ ತುಳಿದು ಕೈಯಿಂದ ನುಡಿಸುವ ಆ ದೊಡ್ಡ ಪೆಟ್ಟಿಗೆ. ನಮ್ಮ ನಾಟಕದವರ ಕಾಲು ಹಾರ್ಮೋನಿಯಮ್ಮಿಗೆ ದೊಡ್ಡಪ್ಪ. ಅದನ್ನು ಗೋವೆಯಿಂದ ಎತ್ತಿನ ಗಾಡಿಯಲ್ಲಿ ತಂದವನು ನಮ್ಮ ದ್ಯಾಮಪ್ಪ, ಜೊತೆಗೆ ಬಂದವರು ಅದನ್ನು ಇಂದಿಗೂ ನುಡಿಸುತ್ತಿರುವ ಪೆದ್ರು ಮಾಸ್ತರರು. ಘಟ್ಟ ಹತ್ತಿ ಅನಮೋಡಕ್ಕೆ ಬಂದಾಗ ಸುಂಕದ ನಾಕೆಯಲ್ಲಿ ಗಾಡಿ ನಿಲ್ಲಿಸಿದರು. ನಾಕೆದಾರರು ತಮ್ಮ ಕರ್ತವ್ಯದಂತೆ ಕೇಳಿದರು, 'ಪೆಟ್ಟಿಗಿ ಒಳಗ ಏನೈತಿ?' ದ್ಯಾಮಪ್ಪ ಮೂರು ದಿನ ಅದನ್ನು ಹಿಂದಿನಿಂದ, ಮುಂದಿನಿಂದ, ಒಳಗಿನಿಂದ ನೋಡಿದ್ದ. ಸತ್ಯವನ್ನೇ ಹೇಳಿದ, 'ಗಾಳಿ ಐತ್ರಿ ಸಾಹೇಬ್ರ.' ನಾಕೆದಾರರಿಗೆ ಸಿಟ್ಟು ಬಂತು. ಕೊನೆಗೆ ಪೆದ್ರು ಮಾಸ್ತರರು ಗಾಡಿಯ ಮೇಲೆಯೇ ಕುಳಿತು ನುಡಿಸಿ ತೋರಿಸಿದರು. ಒಂದು ನುಡಿಸಿದರು, ಎರಡು ನುಡಿಸಿದರು, ಕಾಡಿನಿಂದ ಬಿದಿರು ಕಡಿಯುವವರು ಬಂದು ರಸ್ತೆಯ ಮೇಲೆ ಕುಳಿತರು, ಸಿಟ್ಟಾದ ನಾಕೆದಾರರೇ ಎಲ್ಲರಿಗೂ ಚಹಾ ತರಿಸಿದರು. ಸಭಿಕರೇ, ನಮ್ಮ ಹಂಗಾಮಿನ ಮೊದಲ ಕಚೇರಿ ನಡೆದದ್ದು ಇಲ್ಲಲ್ಲ, ಅನಮೋಡದಲ್ಲಿ, ಎತ್ತು ಬಿಚ್ಚಿದ ಗಾಡಿಯ ಮೇಲೆ.

ಅಧ್ಯಕ್ಷರು ಒಂದು ಚೀಟಿ ಕಳಿಸಿದ್ದಾರೆ. 'ವಿಷಯಕ್ಕೆ ಬಾ' ಎಂದು ಬರೆದಿದ್ದಾರೆ. ಒಂದನೆಯ ಇಯತ್ತೆಯಲ್ಲೂ ಹೀಗೇ ಹೇಳುತ್ತಿದ್ದರು. ಬರುತ್ತೇನೆ ಮಾಸ್ತರರೇ, ಬರುವುದಕ್ಕಾಗಿಯೇ ನಿಂತಿದ್ದೇನೆ. ವಿಷಯ ಸ್ವಲ್ಪ ಭಾರ ಇರುವುದರಿಂದ ಗಾಡಿ ನಿಧಾನ ಬರುತ್ತಿದೆ.

ಮೊದಲ ಹಂಗಾಮು ಶುರುವಾಗುವ ಮುಂಚೆ ಪಾದ್ರಿ ಸಾಹೇಬರು ಬಿಷಪ್ಪರಿಗೆ ಬರೆದು ಒಪ್ಪಿಗೆ ತಂದರು. ಕಚೇರಿ ಇರುವ ಹೊತ್ತು ಪೀಠದ ಮೇಲಿನ ಪವಿತ್ರ ಪ್ರಸಾದವನ್ನು ಒಳಕೋಣೆಗೆ ಒಯ್ಯಬೇಕು, ಗದ್ದಲ ಆಗಬಾರದು, ಚಪ್ಪಾಳೆ ಕೂಡದು. ಇದನ್ನು ನಮ್ಮ ಮಂದಿಗೆ ತಿಳಿಹೇಳುವ ಕೆಲಸ ನನ್ನದು. ನಾನು ಅಂಗಡಿಯ ಕಟ್ಟೆಯ ಮೇಲೆ ನಿಂತು ಹೇಳಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬೇಕು. 'ಅದು ಅವರ ದೇವರ ಮನಿ. ನಮಗ ಅಲ್ಲಿ ಪದ್ಧತಿ ಗೊತ್ತಿಲ್ಲ. ಅವರು ಕುಂತ್ರ ಕುಂಡ್ರಿ, ಅವರು ಎದ್ರ ಏಳ್ರಿ. ತಲಿ ಓಡಿಸಬ್ಯಾಡ್ರಿ.' ಇದನ್ನು ಹೇಳಿದವನು ನಾನು. ದಯವಿಟ್ಟು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೊದಲ ಭಾನುವಾರ ನಮ್ಮವರೆಲ್ಲ ಚಪ್ಪಲಿಗಳನ್ನು ಬಾಗಿಲ ಹೊರಗೆ ಒಂದೇ ರಾಶಿ ಬಿಟ್ಟು ಬಂದರು. ಮರುದಿನದಿಂದ ಅರ್ಧ ಹಳಿಯಾಳ ಇನ್ನೊಬ್ಬರ ಚಪ್ಪಲಿಯಲ್ಲಿ ತಿರುಗಿತು. ಎರಡನೆಯ ಭಾನುವಾರ ಧಾರವಾಡದಿಂದ ಸಾರಂಗಿಯ ಉಸ್ತಾದರು ಬಂದರು. ಮುಲ್ತಾನಿ ರಾಗ ನುಡಿಸಿದರು. ಆಹಾ, ಏನು ನುಡಿಸಿದರು. ಆದರೆ ನಿಯಮದಂತೆ ಯಾರೂ ಉಸಿರೆತ್ತಲಿಲ್ಲ. ಅರ್ಧ ಗಂಟೆಯಾದ ಮೇಲೆ ಉಸ್ತಾದರು ಕಮಾನು ನಿಲ್ಲಿಸಿ ಮೆಲ್ಲಗೆ ನನ್ನನ್ನು ಕೇಳಿದರು, 'ಸೆಕ್ರೆಟರಿ ಸಾಬ್, ಮಂದಿ ಎಲ್ಲಾ ಮಲ್ಕೊಂಡಾರೇನ್ರಿ?' ಹಾಡುವವರಿಗೆ ಜನರ ಮನಸ್ಸು ಗೊತ್ತಾಗುವುದು ಅವರ ಸದ್ದಿನಿಂದ. ಸದ್ದೇ ಇಲ್ಲದ ಕಡೆ ಅವರು ಕಣ್ಣಿಂದ ಹುಡುಕುತ್ತಾರೆ, ಯಾರಾದರೂ ತಲೆದೂಗಿದರೇ ಎಂದು, ತಮ್ಮವರ ಮುಖದಲ್ಲಿ ಏನಿದೆ ಎಂದು. ಇದು ನನಗೆ ಆಗ ತಿಳಿಯಲಿಲ್ಲ.

ಈಗ ಅದೇ ಹಂಗಾಮಿನ ನಾಲ್ಕನೆಯ ಭಾನುವಾರ.

ನನ್ನ ಅಕ್ಕ ನೀಲಕ್ಕ. ನಿಮಗೆಲ್ಲ ಗೊತ್ತಿದ್ದಾಳೆ, ಆದರೆ ಅಂಗಡಿಯ ಹಿಂದಿನ ಅಂಗಳದಲ್ಲಿ ಅಕ್ಕಿ ಕೇರುವ ಹೆಂಗಸಾಗಿ ಗೊತ್ತಿದ್ದಾಳೆ. ಹತ್ತೊಂಬತ್ತಕ್ಕೆ ಕುಂಕುಮ ಹೋಗಿ ತವರಿಗೆ ಬಂದಳು. ಬಂದ ಮರುವರ್ಷ ಅವ್ವ ಹೋದಳು, ಅಪ್ಪ ಮೊದಲೇ ಹೋಗಿದ್ದ. ನನಗಾಗ ಆರು ವರ್ಷ. ನನ್ನನ್ನು ಈ ಮಾಸ್ತರರ ಶಾಲೆಗೆ ಕೈಹಿಡಿದು ತಂದು ಬಿಟ್ಟವಳು ಅವಳು. ಮಠದಲ್ಲಿ ಬಸಲಿಂಗಯ್ಯನವರೆಂಬ ವೃದ್ಧರು ಗಂಡು ಹುಡುಗರಿಗೆ ವಚನ ಗಾಯನ ಹೇಳಿಕೊಡುತ್ತಿದ್ದರು. ಅಕ್ಕ ಮಠಕ್ಕೆ ಅಕ್ಕಿ ಹಸನು ಮಾಡಲು ಹೋಗುತ್ತಿದ್ದಳು. ಉಗ್ರಾಣದ ಬಾಗಿಲ ಆಚೆ ಕುಳಿತು ಕೇಳಿ ಕೇಳಿ ಕಲಿತಳು. ಒಂದು ದಿನ ಹುಡುಗರೆಲ್ಲ ತಪ್ಪಿದ ಜಾಗವನ್ನು ಉಗ್ರಾಣದೊಳಗಿನಿಂದ ಯಾರೋ ಸರಿಯಾಗಿ ಹಾಡಿದರಂತೆ. ಬಸಲಿಂಗಯ್ಯನವರು ಪಾಠ ನಿಲ್ಲಿಸಿ, 'ಯಾರವ್ವಾ ಅದು? ಹೊರಗ ಬಾ' ಎಂದರಂತೆ. ಅವರು ಲಿಂಗೈಕ್ಯರಾಗುವಾಗ ತಮ್ಮ ತಂಬೂರಿಯನ್ನು ಕೊಟ್ಟದ್ದು ಆ ಹುಡುಗರಲ್ಲಿ ಯಾರಿಗೂ ಅಲ್ಲ, ನಮ್ಮ ಅಕ್ಕನಿಗೆ.

ಪಾದ್ರಿ ಸಾಹೇಬರು ಒಮ್ಮೆ ಅಂಗಡಿಗೆ ಬಂದಾಗ ಹಿಂದಿನ ಅಂಗಳದಿಂದ ಅವಳ ದನಿ ಕೇಳಿತು. ಹತ್ತು ನಿಮಿಷ ನಿಂತು ಕೇಳಿ, 'ನಾಲ್ಕನೇ ಭಾನುವಾರ ಇವರು ಹಾಡಲಿ' ಎಂದರು. ನಾನು ತೊದಲಿದೆ. ಅವರು ನನ್ನನ್ನು ಬಿಟ್ಟು ನೇರವಾಗಿ ಅವಳನ್ನೇ ಕೇಳಿದರು. ಅಕ್ಕ ಮೊರವನ್ನು ಕೆಳಗಿಟ್ಟು 'ಹೂಂ' ಎಂದಳು. ಒಮ್ಮೆ ಯೋಚನೆ ಮಾಡುತ್ತೇನೆ ಎಂದು ಕೂಡ ಅನ್ನಲಿಲ್ಲ. ಇಪ್ಪತ್ತು ವರ್ಷ ಯಾರಾದರೂ ಕೇಳಲಿ ಎಂದು ಕಾಯ್ದವರು ಹಾಗೆಯೇ ಉತ್ತರ ಕೊಡುತ್ತಾರೆ.

ನನಗೆ ಹೆದರಿಕೆಯಾಯಿತು. ಒಪ್ಪಿಕೊಳ್ಳುತ್ತೇನೆ. ಅಂಗಡಿ ಆಗಷ್ಟೇ ಪೇಟೆಯೊಳಗೆ ಬಂದಿತ್ತು. ಹಿರಿಯರು ಆಗಷ್ಟೇ ನನ್ನನ್ನು 'ಅಂದಾನಿ' ಎನ್ನುವುದನ್ನು ಬಿಟ್ಟು 'ಅಂದಾನೆಪ್ಪನವರು' ಎನ್ನತೊಡಗಿದ್ದರು. ಮಂದಿಯ ಮುಂದೆ ಕುಳಿತು ಹಾಡುವ ಹೆಂಗಸರ ಬಗ್ಗೆ ನಮ್ಮ ಪೇಟೆಯಲ್ಲಿ ಏನೇನು ಮಾತನಾಡುತ್ತಿದ್ದರೆಂಬುದು ನನಗೆ ಗೊತ್ತಿತ್ತು, ಯಾಕೆಂದರೆ ಮಾತನಾಡುವವರ ಜೊತೆ ನಾನೂ ಕುಳಿತಿರುತ್ತಿದ್ದೆ. ಆ ಭಾನುವಾರ ಮನೆ ಬಿಡುವಾಗ ಅಕ್ಕನಿಗೆ ನಾನು ಹೇಳಿದ್ದು ಇಷ್ಟು, 'ಸೆರಗು ಸರಿಯಾಗಿ ಹೊದ್ಕೋ. ಒಂದ ವಚನ ಸಾಕು. ಉದ್ದ ಜಗ್ಗಬ್ಯಾಡ.'

ಅವಳು ಅಲ್ಲಿ, ಆ ಮೆಟ್ಟಿಲಿನ ಕೆಳಗೆ, ಕಂಬಳಿಯ ಮೇಲೆ ಕುಳಿತಳು. ತಂಬೂರಿ ತಾನೇ ಹಿಡಿದಳು. ರಾಗ ಭೀಮಪಲಾಸಿ. ಕಣ್ಣು ಮುಚ್ಚಿ ಹಾಡುವುದು ಅವಳ ರೂಢಿ. ನಾನು ಸಮಿತಿಯ ಕುರ್ಚಿಯಲ್ಲಿ, ಅವಳ ಎದುರಿಗೇ, ಎಂಟು ಮೊಳ ದೂರದಲ್ಲಿ. ವಚನದ ಅರ್ಧಕ್ಕೆ ಬಂದಿದ್ದಳು. ಮನುಷ್ಯ ತನ್ನ ದೇವರನ್ನು 'ನೀನು' ಎಂದು ಏಕವಚನದಲ್ಲಿ ಕೇಳುವ ಜಾಗ. ಆ 'ನೀನು' ಎಂಬುದು ಮೇಲಕ್ಕೆ ಹೋಯಿತು. ಆಗ ನನ್ನ ಹಿಂದೆ ಬಾಕು ಕಿರುಗುಟ್ಟಿತು. ಯಾರೋ ಎದ್ದರು. ಆಮೇಲೆ ಇನ್ನೊಂದು ಬಾಕು. ಆಮೇಲೆ ಸಾಲು ಸಾಲು. ಬಲಗಡೆ ಎದ್ದಿತು, ಎಡಗಡೆ ಜಮಖಾನೆಯವರೂ ಎದ್ದರು. ಇಡೀ ಇಗರ್ಜಿ ಎದ್ದಿತು.

ಹಾಡು ನಡೆದಿರುವಾಗ ಮಂದಿ ಎದ್ದರೆ ನಮ್ಮ ಕಡೆ ಅದಕ್ಕೆ ಏನರ್ಥ? ಭಜನೆಯಲ್ಲಿರಲಿ, ಬೈಲಾಟದಲ್ಲಿರಲಿ, ನಡುವೆ ಎದ್ದವನು ಸಾಕಾಗಿ ಎದ್ದವನು. ಊರೆಲ್ಲ ಎದ್ದರೆ ಅದು ಬಹಿಷ್ಕಾರ. ವಿಧವೆಯನ್ನು ತಂದು ಹಾಡಿಸಿದನೆಂದು ಹಳಿಯಾಳ ಎದ್ದು ಹೋಗುತ್ತಿದೆ, ನನ್ನ ಹೆಸರು ಇಂದಿಗೆ ಮುಗಿಯಿತು ಎಂದು ನನ್ನ ತಲೆಗೆ ಬಂತು. 'ಅವರು ಎದ್ರ ಏಳ್ರಿ' ಎಂದು ಕಟ್ಟೆಯ ಮೇಲೆ ನಿಂತು ಹೇಳಿದವನಿಗೆ ಆ ಹೊತ್ತಿನಲ್ಲಿ ತನ್ನ ಮಾತೇ ನೆನಪಾಗಲಿಲ್ಲ. ನಾನು ಏಳಲಿಲ್ಲ. ಕುರ್ಚಿಯಲ್ಲೇ ಕುಳಿತು, ತಲೆ ತಗ್ಗಿಸಿ, ಕೈಯಿಂದ ಮುಖ ಮುಚ್ಚಿಕೊಂಡೆ.

ಹಾಡು ನಿಂತಿತು. ತಲೆಯೆತ್ತಿ ನೋಡಿದರೆ ಅಕ್ಕ ಕಣ್ಣು ಬಿಟ್ಟಿದ್ದಳು. ತಂಬೂರಿಯನ್ನು ಎತ್ತಿಕೊಂಡು ಆ ಪಕ್ಕದ ಬಾಗಿಲಿನಿಂದ ಹೊರಟಳು. ನಾನೂ ಅವಳ ಹಿಂದೆಯೇ ಅದೇ ಬಾಗಿಲಿನಿಂದ ಹೊರಬಿದ್ದೆ. ತಿರುಗಿ ನೋಡಲಿಲ್ಲ. ಒಮ್ಮೆ ತಿರುಗಿದ್ದರೆ ಸಾಕಿತ್ತು, ಯಾರೂ ಒಂದು ಹೆಜ್ಜೆ ಕದಲಿಲ್ಲವೆಂಬುದು ಕಾಣುತ್ತಿತ್ತು.

ಮನೆಗೆ ಬಂದ ಮೇಲೆ ನಾನು ಅಂದ ಮಾತು ಇದು. 'ಆತಲ್ಲ, ಮಂದಿ ಎದ್ದು ಹೋದ್ರು. ಬ್ಯಾಡಂದ್ರ ಕೇಳಲಿಲ್ಲ. ಇನ್ನ ಸಾಕು.' ಅಕ್ಕ ತಂಬೂರಿಗೆ ಗವಸು ಹಾಕಿ ಉಗ್ರಾಣದ ಗೂಟಕ್ಕೆ ತೂಗುಹಾಕಿದಳು. ಒಳಗೆ ಹೋಗಿ ನನಗೆ ಊಟಕ್ಕೆ ಬಡಿಸಿದಳು. ನಾನು ಉಂಡೆ. ನಾಚಿಕೆಯಾಗಬೇಕಿತ್ತು, ಆದರೆ ಉಂಡೆ.

ಮರುದಿನ ಬೆಳಿಗ್ಗೆ ಪಾದ್ರಿ ಸಾಹೇಬರು ಅಂಗಡಿಗೆ ಓಡಿಬಂದರು. 'ಅಕ್ಕನವರಿಗೆ ಏನಾತ್ರಿ ಅಂದಾನೆಪ್ಪ? ನಮ್ಮ ಮಂದಿ ನಿನ್ನೆ ಸುವಾರ್ತೆ ಓದೋವಾಗ ಎದ್ದಂಗ ಎದ್ರು. ನಾನು ಹೇಳಿದ್ದಲ್ಲ. ಮೊದಲ ಎದ್ದವರು ನಮ್ಮ ಹಿರಿಯಾಕಿ ಮರಿಯಾಣ ಬಾಯಿ. ಇಪ್ಪತ್ತು ವರ್ಷದಾಗ ಅವರು ಬೇರೆ ಯಾವುದಕ್ಕೂ ಎದ್ದದ್ದು ನಾ ನೋಡಿಲ್ಲ.' ಕ್ರೈಸ್ತ ಬಾಂಧವರೇ, ನಿಮ್ಮ ಪೂಜೆಗೆ ನಾನು ಎಂದೂ ಬಂದವನಲ್ಲ. ಪವಿತ್ರ ವಾಕ್ಯ ಓದುವಾಗ ನೀವು ಎದ್ದು ನಿಲ್ಲುತ್ತೀರಿ, ಅದಕ್ಕಿಂತ ದೊಡ್ಡ ಮರ್ಯಾದೆ ಈ ಛಾವಣಿಯ ಕೆಳಗೆ ಇಲ್ಲ ಎಂಬುದು ನನಗೆ ಆ ದಿನ, ಅಕ್ಕಿಯ ಚೀಲಗಳ ನಡುವೆ ನಿಂತಾಗ ತಿಳಿಯಿತು. ಚಪ್ಪಾಳೆ ಕೂಡದೆಂದು ನಿಮ್ಮ ಕೈ ಕಟ್ಟಿಹಾಕಿದ್ದೆವು. ನಿಮ್ಮ ಹತ್ತಿರ ಉಳಿದದ್ದು ಎದ್ದು ನಿಲ್ಲುವುದೊಂದೇ. ನಮ್ಮ ಪೇಟೆಯವರು ನಾನು ಹೇಳಿಕೊಟ್ಟಂತೆ ನಡೆದುಕೊಂಡಿದ್ದರು.

ಪಾದ್ರಿ ಸಾಹೇಬರಿಗೆ ನಾನು ಏನೆಂದೆ? 'ಅಕ್ಕನ ಗಂಟಲು ಬಿದ್ದೈತ್ರಿ' ಎಂದೆ. ಅವರು ಹೋದ ಮೇಲೆ ಅಕ್ಕ ಅಂಗಳದಿಂದ ಕೇಳಿದಳು, 'ಪಾದ್ರಿಗಳು ಏನಂದ್ರೋ?' ನಾನು, 'ಏನಿಲ್ಲ, ಮುಂದಿನ ವಾರದ ವಿಚಾರ' ಎಂದೆ. ಒಂದೇ ಬೆಳಿಗ್ಗೆ ಎರಡು ಸುಳ್ಳು, ಇಬ್ಬರು ಒಳ್ಳೆಯವರಿಗೆ.

ಯಾಕೆ? ಎಂಟು ವರ್ಷ ಇದೇ ಪ್ರಶ್ನೆಯನ್ನು ನನ್ನನ್ನೇ ಕೇಳಿಕೊಂಡಿದ್ದೇನೆ. ನನ್ನದೇ ತಪ್ಪೆಂದು ಅಕ್ಕನ ಮುಂದೆ ಹೇಳಲು ನಾಲಿಗೆ ಏಳಲಿಲ್ಲ ಎಂಬುದು ಒಂದು. ಅದು ಸಣ್ಣದು. ದೊಡ್ಡದು ಬೇರೆ ಇದೆ. ಅವಳು ಹಾಡದಿದ್ದರೆ ನನಗೆ ಅನುಕೂಲವಿತ್ತು. ಪೇಟೆಯಲ್ಲಿ ಮಾತಿಲ್ಲ, ಕಥೆಯಿಲ್ಲ, ಅಂದಾನೆಪ್ಪನವರು ಅಂದಾನೆಪ್ಪನವರಾಗಿಯೇ ಉಳಿದರು. ಅಲ್ಲಿಂದ ಮುಂದೆ ಪ್ರತಿ ಹಂಗಾಮಿನಲ್ಲೂ, ಇದೇ ಜಾಗದಲ್ಲಿ ನಿಂತು, ಸಂಗೀತಕ್ಕೆ ಜಾತಿಯಿಲ್ಲ, ಗಂಡು ಹೆಣ್ಣೆಂಬ ಭೇದವಿಲ್ಲ ಎಂದು ನಾನು ಕನಿಷ್ಠ ಮೂವತ್ತು ಸಲ ಹೇಳಿದ್ದೇನೆ. ನೀವು ಕೇಳಿದ್ದೀರಿ. ಮೂರನೆಯ ಕಂಬದ ಆಚೆ ಕುಳಿತು ಅವಳೂ ಪ್ರತಿ ವರ್ಷ ಕೇಳಿದ್ದಾಳೆ.

ಪಾದ್ರಿ ಸಾಹೇಬರೇ, ಇನ್ನೊಂದು ಇದೆ. ತಾವು ಪ್ರತಿ ವರ್ಷ ಕುಂಬಾರವಾಡದ ಕಡೆ ಹೋದಾಗ ಅಕ್ಕನ ಗಂಟಲಿಗೆಂದು ಕಾಡಿನ ಜೇನು ತಂದು ನನ್ನ ಕೈಗೆ ಕೊಡುತ್ತಿದ್ದಿರಿ. ಎಂಟು ಬಾಟಲಿ. ಏನೂ ಆಗದ ಗಂಟಲಿಗೆ ಜೇನು ಹೇಗೆ ಕೊಡಲಿ? ಕೊಟ್ಟರೆ ಯಾಕೆಂದು ಕೇಳುತ್ತಾಳಲ್ಲ. ಆ ಜೇನನ್ನು ತಿಂದವನು ನಾನು. ಸೆಕ್ರೆಟರಿಯ ದನಿ ಬಹಳ ಚೆನ್ನಾಗಿದೆ ಎಂದು ತಾವು ಆಗಾಗ ಹೊಗಳುತ್ತಿದ್ದಿರಿ. ಕಾರಣ ಅದು. ಸಭಿಕರೇ, ನಗಬಹುದು, ನಗೆಗೆ ಇಲ್ಲಿ ನಿಷೇಧವಿಲ್ಲ.

ಈ ವರ್ಷ ಮೊದಲ ಭಾನುವಾರ ಮುಗಿದ ಮೇಲೆ ಪಾದ್ರಿ ಸಾಹೇಬರು ನನ್ನನ್ನು ಕರೆದು, ತಾವು ಊರಿಗೆ ಹೊರಟದ್ದನ್ನು ತಿಳಿಸಿದರು. ಬೀಳ್ಕೊಡುಗೆಗೆ ಏನು ಬೇಕೆಂದು ಕೇಳಿದೆ. ಶಾಲು ಎಂದೆ, ಬೆಳ್ಳಿಯ ತಟ್ಟೆ ಎಂದೆ. ಅವರು ತಲೆಯಾಡಿಸಿದರು. 'ಏನೂ ಬ್ಯಾಡ ಅಂದಾನೆಪ್ಪ. ಆ ವಚನ ಅರ್ಧಕ್ಕ ನಿಂತದ. ಆ ಮನಿಷಾ ದೇವರನ್ನ ಏನೋ ಕೇಳಿದ್ದ. ದೇವರು ಏನಂದ ಅಂತ ನನಗಿನ್ನೂ ಗೊತ್ತಾಗಿಲ್ಲ. ಅಕ್ಕನವರ ಗಂಟಲು ಸುಧಾರಿಸಿದ್ರ ಉಳಿದದ್ದು ಕೇಳಿ ಹೋಗತೇನಿ.' ಎಂಟು ವರ್ಷ ಆ ಮನುಷ್ಯ ಅರ್ಧ ಹಾಡನ್ನು ಹೊತ್ತುಕೊಂಡು ತಿರುಗಿದ್ದಾರೆ, ಸಭಿಕರೇ. ಆದರೂ ನನ್ನ ಮೇಲೆ ಒಮ್ಮೆಯೂ ಸಂಶಯಪಟ್ಟಿಲ್ಲ.

ಆ ದಿನ ಮನೆಗೆ ಹೋಗಿ ಅಂಗಳದಲ್ಲಿ ಅಕ್ಕನ ಎದುರಿಗೆ ಕುಳಿತೆ. ಅವಳು ಅಕ್ಕಿ ಕೇರುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಮಂದಿ ಹೋಗಲಿಕ್ಕೆ ಎದ್ದದ್ದಲ್ಲ, ಮರ್ಯಾದೆಗೆ ಎದ್ದದ್ದು ಎಂದೆ. ನನಗೆ ಮರುದಿನವೇ ಗೊತ್ತಾಗಿತ್ತು ಎಂದೆ. ಅಳುತ್ತಾಳೆ ಎಂದುಕೊಂಡಿದ್ದೆ, ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಮೊರ ನಿಲ್ಲಿಸದೆ ಹೇಳಿದಳು, 'ನನಗ ಮೂರನೇ ದಿನಕ್ಕ ಗೊತ್ತಾಗೇತಿ. ಬಾವ್ಯಾಗ ನೀರು ಸೇದೋವಾಗ ಮರಿಯಾಣ ಬಾಯಿ ಹೇಳಿದ್ಲು.'

ನಾನು ಕೇಳಿದೆ, 'ಮತ್ತ ಯಾಕ ಹಾಡಲಿಲ್ಲ ಅಕ್ಕಾ? ಯಾಕ ನನಗ ಹೇಳಲಿಲ್ಲ?'

ಅವಳು ಮೊರ ಕೆಳಗಿಟ್ಟಳು. 'ಅವರು ಎದ್ದದ್ದಕ್ಕ ನಾ ನಿಲ್ಲಿಸಿಲ್ಲೋ ಅಂದಾನಿ. ಕಣ್ಣು ಬಿಟ್ಟೆ. ಊರ ಮಂದಿ ನಿಂತಿದ್ರು. ಅವರ ನಡುವ ನಾ ಜ್ವಾಪಾನ ಮಾಡಿದ ಹುಡುಗ ಒಬ್ಬಾಂವ ಮಾರಿ ಮುಚ್ಚಿಕೊಂಡು ಕುಂತಿದ್ದ. ಮುಂದ ಹೆಂಗ ಹಾಡ್ಲಿ? ಆಮ್ಯಾಲೆ ನೀನ ಬಂದು ಹೇಳ್ತಿ ಅಂತ ಕಾಯ್ದೆ. ಇವತ್ತ ಹೇಳ್ಯಾನು, ನಾಳೆ ಹೇಳ್ಯಾನು ಅಂತ.'

ಎಂಟು ವರ್ಷ. ಎಂಟು ವರ್ಷ ಮೂರು ಹೊತ್ತು ಅವಳ ಕೈಯ ರೊಟ್ಟಿ ತಿಂದಿದ್ದೇನೆ. ಪ್ರತಿ ಹೊತ್ತೂ ಅವಳು ಕಾಯುತ್ತಿದ್ದಳು, ನನಗೆ ಗೊತ್ತಾಗಲಿಲ್ಲ.

ನಾನು ಕಾಲು ಮುಟ್ಟಲು ಹೋದೆ. ಬೇಡವೆಂದಳು. 'ಅಂಗಳದಾಗ ಯಾಕ ಮುಟ್ತಿ? ಮಂದಿ ಮುಂದ ತಲಿ ತಗ್ಗಿಸಿದ್ದಿ. ಹೇಳೂದಿದ್ರ ಮಂದಿ ಮುಂದ ಹೇಳು. ಹಾಡೂದು ಬಿಡೂದು ಆಮ್ಯಾಲೆ ನೋಡೂಣು.' ಅಷ್ಟು ಹೇಳಿ ಮತ್ತೆ ಮೊರ ಎತ್ತಿಕೊಂಡಳು. ಇಂದಿಗೆ ಐದು ವಾರವಾಯಿತು. ಈ ವಿಷಯದಲ್ಲಿ ಆಮೇಲೆ ಒಂದು ಅಕ್ಷರ ಆಡಿಲ್ಲ.

ಮಾಸ್ತರರೇ, ವಿಷಯಕ್ಕೆ ಬಾ ಎಂದಿರಿ. ಬಂದಿದ್ದೇನೆ. ನಿಮ್ಮ ಕೈಯಲ್ಲಿರುವ ಕಾರ್ಯಕ್ರಮದ ಹಾಳೆಯಲ್ಲಿ ಕೊನೆಯ ಸಾಲು ಖಾಲಿಯಿದೆ. ಮುದ್ರಣದ ತಪ್ಪು ಎಂದು ಕೆಲವರು ಬೆಳಿಗ್ಗೆ ನನಗೆ ತೋರಿಸಿದರು. ತಪ್ಪಲ್ಲ. ಹೆಸರು ಹಾಕುವ ಹಕ್ಕು ನನಗಿರಲಿಲ್ಲ. ತಂಬೂರಿಯನ್ನು ಗೂಟದಿಂದ ಇಳಿಸಿ, ಹೊಸ ತಂತಿ ಹಾಕಿಸಿ, ನಾನೇ ಹೆಗಲ ಮೇಲೆ ಹೊತ್ತು ಪೇಟೆಯ ನಡುವಿನಿಂದಲೇ ತಂದಿದ್ದೇನೆ. ಮೂರನೆಯ ಕಂಬಕ್ಕೆ ಒರಗಿಸಿಟ್ಟಿದ್ದೇನೆ. ಅಕ್ಕ ಅದನ್ನು ಮುಟ್ಟಬಹುದು, ಬಿಡಬಹುದು. ಮುಟ್ಟದಿದ್ದರೆ ಪೆದ್ರು ಮಾಸ್ತರರು ಆರ್ಗನ್ ನುಡಿಸುತ್ತಾರೆ, ನಾವೆಲ್ಲ ಮನೆಗೆ ಹೋಗೋಣ, ಯಾರೂ ಯಾರನ್ನೂ ಏನೂ ಅನ್ನುವಂತಿಲ್ಲ.

ಪೇಟೆಯ ಹಿರಿಯರೇ, ಈಗ ಏನಾದರೂ ಮಾತಾಡುವುದಿದ್ದರೆ ನಾಳೆ ಅಂಗಡಿಗೆ ಬಂದು ನನ್ನ ಮುಖದ ಮೇಲೆ ಆಡಿರಿ. ಚಹಾ ಕೊಡಿಸುತ್ತೇನೆ. ನನಗೆ ಈಗ ಹೆದರಿಕೆ ಇಲ್ಲ. ಮರಿಯಾಣ ಬಾಯಿಯವರೇ, ಎಪ್ಪತ್ತು ದಾಟಿದ ಮೊಣಕಾಲಿನಿಂದ ನೀವು ಆ ದಿನ ಮೊದಲು ಎದ್ದಿರಿ, ಬಾವಿಯ ಕಟ್ಟೆಯ ಮೇಲೆ ನಾನು ಹೇಳಬೇಕಾದ ಮಾತನ್ನು ನೀವು ಹೇಳಿದಿರಿ. ನಿಮಗೆ ಶರಣು. ಪಾದ್ರಿ ಸಾಹೇಬರೇ, ನಿಮಗೆ ಹೇಳಿದ ಸುಳ್ಳಿಗೆ ಕ್ಷಮೆ ಇರಲಿ. ಜೇನು ಬಹಳ ಚೆನ್ನಾಗಿತ್ತು.

ಅಕ್ಕಾ, ಆ ದಿನ ಈ ಇಗರ್ಜಿಯಲ್ಲಿ ಕುಳಿತಿದ್ದವನು ನಾನೊಬ್ಬನೇ. ನೀನು ಚೆನ್ನಾಗಿ ಹಾಡಿದ್ದೆ. ಅಂಥದ್ದನ್ನು ನಾನು ಹಿಂದೆ ಕೇಳಿರಲಿಲ್ಲ, ಈ ಎಂಟು ಹಂಗಾಮುಗಳಲ್ಲೂ ಕೇಳಲಿಲ್ಲ. ಅದನ್ನು ಅಂದೇ ಮನೆಗೆ ಬಂದು ಹೇಳಬೇಕಾಗಿತ್ತು. ಇಂದು ಹೇಳುತ್ತಿದ್ದೇನೆ, ಮಂದಿಯ ಮುಂದೆ, ತಲೆಯೆತ್ತಿ.

ತಾಯಂದಿರು ಆ ಕಡೆ ದಾರಿ ಬಿಡುತ್ತಿದ್ದಾರೆ. ಗವಸು ಬಿಚ್ಚಿದ್ದು ನನಗೆ ಇಲ್ಲಿಂದ ಕಾಣುತ್ತಿದೆ. ತಂತಿಯ ಸದ್ದು ಮೇಲಕ್ಕೆ ಹೋಗಿದೆ, ಇನ್ನೂ ಇಳಿದಿಲ್ಲ. ಹಾಗಾದರೆ ನನ್ನ ಮಾತು ಮುಗಿಯಿತು. ಅಧ್ಯಕ್ಷರಿಗೆ, ಸತ್ಕಾರಮೂರ್ತಿಗಳಿಗೆ, ಇಷ್ಟು ಹೊತ್ತು ತಾಳಿಕೊಂಡ ನಿಮಗೆಲ್ಲ ನಾನು ಋಣಿ. ಸಭಿಕರೇ, ನೀವು ಏಳಬಹುದು, ಕೂರಬಹುದು, ನಿಮ್ಮ ಮನಸ್ಸು. ಮಾತು ಮುಗಿಸಿದವನು ತನ್ನ ಕುರ್ಚಿಗೆ ಹೋಗಿ ಕುಳಿತುಕೊಳ್ಳುವುದು ಎಲ್ಲ ಸಭೆಗಳ ಪದ್ಧತಿ. ಆ ಕುರ್ಚಿ ಅಲ್ಲೇ ಇದೆ, ಅವಳಿಗೆ ಎದುರಾಗಿಯೇ ಇದೆ. ನಾನು ಅದರ ಪಕ್ಕಕ್ಕೆ ಹೋಗುತ್ತೇನೆ. ಹಾಡು ಮುಗಿಯುವ ತನಕ ಕೂರುವುದಿಲ್ಲ. ನಮಸ್ಕಾರ.